ನಾಕಾದ ಮನೀ ಗಡಿಕಲ್ಲು

ನಮ್ಮ ಮನಿಗೆ ಹಿಂಬಾಗಲಾ ಅನ್ನೂದ ಇರಲಿಲ್ಲ. ಎರಡೂ ಮುಂಬಾಗಲಾನ. ಊರ ಕಡೆ ಮಾರಿ ಮಾಡಿದ್ದೊಂದು, ವರದಾ ಹೊಳಿ ಕಡೆ ಮಾರಿ ಮಾಡಿದ್ದೊಂದು. ಎರಡಕ್ಕೂ ಒಂದ ಅಳತಿ ಹೊಸ್ತಿಲಾ, ಒಂದ ನಮೂನಿ ಸಾಗವಾನಿ ಚೌಕಟ್ಟು. ಎರಡರ ಮುಂದೂ ಮುಂಜಾನೆದ್ದು ಸೆಗಣಿ ಹಾಕಿ ಸಾರಿಸಬೇಕು, ರಂಗೋಲಿ ಬಿಡಬೇಕು. ಅವ್ವ ಈ ಕೆಲಸಕ್ಕ ದಿನಾ ಗೊಣಗತಿದ್ಲು, ದಿನಾ ಮಾಡತಿದ್ಲು.

"ಮಂದಿ ಮನೀ ಸೊಸ್ತ್ಯಾರು ಒಂದು ಬಾಗಲಾ ಸಾರಿಸಿ ಚಾ ಕುಡಕೊಂತ ಕುಂದರತಾರ. ನನ್ನ ಹಣೇಬರಾ ನೋಡ್ರಿ, ಎರಡು ರಾಜ್ಯದ ಬಾಗಲಾ ಬಳೀಬೇಕು!"

ಎರಡು ರಾಜ್ಯ ಅಂತ ಅವ್ವ ಸಿಟ್ಟಿಗೆ ಅಂದ ಮಾತಲ್ಲ, ಖರೇನ. ಊರಾಗ ನಮ್ಮ ಮನಿಗೆ ಇವತ್ತಿಗೂ 'ನಾಕಾದ ಮನಿ' ಅಂತಾರ. ಕುಂಪಣಿ ಸರಕಾರದ ಸೀಮಿ ಮುಗದು ಸವಣೂರ ನವಾಬರ ಸಂಸ್ಥಾನ ಸುರು ಆಗೋ ಜಾಗಾ ಅದು. ಮೊದಲ ಹೊಳೀನ ಗಡಿ ಆಗಿತ್ತಂತ. ಒಂದ ವರ್ಷ ಹೊಳಿ ತುಂಬಿ ಬಂದು, ಇಳಿಯೂದ್ರಾಗ ತನ್ನ ಹಾದಿ ಬಿಟ್ಟು ಎರಡು ಹೊಲ ಹಿಂದಕ್ಕ ಸರದು ಹರಿಯಾಕ ಹತ್ತಿತು. ಹೊಳಿ ಸರೀತು, ಗಡಿ ಸರೀಲಿಲ್ಲ. ಕಾಗದದಾಗ ಬರದಿದ್ದ ಗೆರಿ ಒಣಗಿದ ಪಾತ್ರದಾಗ ಉಳೀತು. ಅಲ್ಲೆ ಸುಂಕದ ನಾಕಾ ಕಟ್ಟಬೇಕಾದಾಗ ಸರಕಾರದ ಕಾರಕೂನ ಆ ಕಡೆ ಹೋಗಿ ಕುಂದ್ರಾಕ ಒಲ್ಲೆ ಅಂದ, ಸಂಸ್ಥಾನದ ಕಾರಕೂನ ಈ ಕಡೆ ಬರಾಕ ಒಲ್ಲೆ ಅಂದ. ಕಡೀಕ ಗೆರಿ ಮ್ಯಾಲೆನ ಒಂದ ಮನಿ ಕಟ್ಟಿದ್ರು. ಊರ ಕಡೆ ಅರ್ಧ ಸರಕಾರದ್ದು, ಹೊಳಿ ಕಡೆ ಅರ್ಧ ಸಂಸ್ಥಾನದ್ದು. ನಡುಮನ್ಯಾಗ, ನೆಲದ ಸಮಾ ಸಮಾ, ಒಂದು ಕರೀ ಗಡಿಕಲ್ಲು. ಸಂಸ್ಥಾನದ ಕಡೆ ಕುಂತಿದ್ದ ಕಾರಕೂನ ನಮ್ಮ ಹಿರ್ಯಾ. ಮುಂದ ರಾಜ್ಯ ಎಲ್ಲಾ ಒಂದಾದ್ವು, ನಾಕಾ ಎದ್ದು ಹೋತು, ನಮ್ಮವ್ರು ಏಳಲಿಲ್ಲ. ಅಲ್ಲೇ ಉಳದ್ರು, ಕಲ್ಲೂ ಅಲ್ಲೇ ಉಳೀತು.

ಆ ಕಲ್ಲಿನ ಸಲುವಾಗಿ ನಾ ನನ್ನ ಅಕ್ಕನ್ನ ಕಳಕೊಂಡೆ. ಕಲ್ಲಿನ ಸಲುವಾಗಿ ಅಂದ್ರ ಸುಳ್ಳಾಕ್ಕೈತಿ. ಕಲ್ಲು ಏನ ಮಾಡೀತು ಪಾಪ. ನನ್ನ ನಾಲಿಗಿ ಸಲುವಾಗಿ ಕಳಕೊಂಡೆ. ಅದನ್ನ ಹೇಳಬೇಕಂತನ ಬರಿಯಾಕ ಕುಂತೇನಿ, ಆದ್ರ ಮೊದಲ ಆ ಮನಿ ಹೆಂಗಿತ್ತು ಅಂತ ಹೇಳದಿದ್ರ ಯಾರಿಗೂ ತಿಳಿಯಂಗಿಲ್ಲ.

ಮನ್ಯಾಗ ನಾವು ಐದು ಮಂದಿ. ಅಪ್ಪ, ಅವ್ವ, ಅಪ್ಪನ ಅವ್ವ ಅಂದ್ರ ನಮ್ಮ ಆಯಿ, ಅಕ್ಕ ಗಿರಿಜಾ, ಕಡೀಕ ನಾನು ನೀಲವ್ವ. ಅಕ್ಕಗೂ ನನಗೂ ಎಂಟು ವರ್ಷದ ಅಂತರ. ಅಪ್ಪ ಸವಣೂರ ಕಚೇರಿ ಮುಂದ ಬೇವಿನ ಗಿಡದ ಬುಡಕ ಕುಂತು ಮಂದೀ ಅರ್ಜಿ ಬರಕೊಡತಿದ್ದ. ಹೊಲದ ತಕರಾರು, ವಾರಸಾ, ಪಿಂಚಣಿ, ಏನ ಇರಲಿ, ಅಪ್ಪನ ಕೈಯಾಗ ಪೆನ್ನು ಬಂತಂದ್ರ 'ತಮ್ಮ ಸನ್ನಿಧಾನಕ್ಕೆ', 'ಕೃಪಾಳುಗಳಾಗಿ', 'ಮಾಡತಕ್ಕದ್ದು' ಅಂತ ದೊಡ್ಡ ದೊಡ್ಡ ಮಾತು ಸಾಲಗಟ್ಟಿ ನಿಂದರತಿದ್ವು. ಬಾಯಿಲೆ ಮಾತಾಡೂದು ಮಾತ್ರ ಅಂವಗ ಬರತಿರಲಿಲ್ಲ. ಸಿಟ್ಟು ಬಂದ್ರ ಕೈ ಎತ್ತತಿದ್ದ, ಪ್ರೀತಿ ಬಂದ್ರ ಸವಣೂರ ಖಾರಾದ ಪುಡಿಕಿ ತಂದು ಯಾರ ಮಾರೀನೂ ನೋಡದ ಕಟ್ಟಿ ಮ್ಯಾಲೆ ಇಟ್ಟು ಹೋಗತಿದ್ದ. ಆಯಿ ಇರೂದು ಹೊಳಿ ಕಡೆ ಕೋಲ್ಯಾಗ, ಅಂದ್ರ ಸಂಸ್ಥಾನದಾಗ. ತಲಿ ತುಂಬ ಬಿಳೀ ಕೂದಲಾ, ಹಣಿ ತುಂಬ ವಿಭೂತಿ, ಮಡಲಾಗ ಎಲಿಅಡಿಕಿ ಚೀಲ. ಹಿತ್ತಲದ ಎಲಿತ್ವಾಟ ಆಕೀದು. ಅಕ್ಷರ ಒಂದೂ ಬರತಿರಲಿಲ್ಲ, ಗತ್ತು ಮಾತ್ರ ನವಾಬಂದು.

ನಮ್ಮ ಮನ್ಯಾಗ ಒಂದು ಕಾಯ್ದೆ ಇತ್ತು. ಗಡಿಕಲ್ಲು ದಾಟಿ ಆಯೀ ಕಡೆ ಹೋದವ್ರ ಮ್ಯಾಲೆ ಯಾರೂ ಕೈ ಎತ್ತಂಗಿಲ್ಲ, ದಾಟಿ ಹೋಗಿ ಎಳಕೊಂಡು ಬರಂಗೂ ಇಲ್ಲ. ಅವ್ರು ಬೇಕಾದ್ರ ಸಂಸ್ಥಾನಕ್ಕ ಕಾಗದ ಬರೀಬೇಕು. ಹಿಂದಿನ ಕಾಲದಾಗ ಗಡಿ ದಾಟಿದವನ್ನ ಹಿಡಿಯಾಕ ಸರಕಾರದ ಸಿಪಾಯಿಗೂ ಇದ ಕಾಯ್ದೆ ಇತ್ತಂತ, ಅದನ್ನ ನಮ್ಮವ್ರು ಸಂಸಾರಕ್ಕ ಹಚ್ಚಿದ್ರು. ಅಪ್ಪನ ಅಪ್ಪನೂ ಬರದಿದ್ದ, ಅವನ ಅಪ್ಪನೂ ಬರದಿದ್ದ. ಅಪ್ಪ ನಗೂ ಮನಶ್ಯಾ ಅಲ್ಲ, ಇದನ್ನ ಆಟ ಅಂತ ಮಾಡತಿರಲಿಲ್ಲ. ಕಲ್ಲಿನ ಅಂಚಿಗೆ ಬಂದು ನಿಂತ ಅಂದ್ರ ಎತ್ತಿದ ಕೈ ಅಲ್ಲೇ ಇಳೀತಿತ್ತು, ಹೋಗಿ ಪೆನ್ನು ತಗೀತಿದ್ದ.

ನಾ ಮೊದಲ ಸಲ ಗಡಿ ದಾಟಿದ್ದು ಮೊಸರಿನ ಗಡಿಗಿ ಒಡದಾಗ. ನೆಲುವಿನ ಮ್ಯಾಲಿನ ಬೆಣ್ಣಿಗೆ ಕೈ ಹಾಕಾಕ ಹೋಗಿ, ಬೆಣ್ಣಿನೂ ಇಲ್ಲ, ಗಡಿಗಿನೂ ಇಲ್ಲ. ಮೈಯೆಲ್ಲಾ ಮೊಸರ ಮಾಡಕೊಂಡು ಒಂದ ಜಿಗತಕ್ಕ ಆಯೀ ಕಡೆ ಓಡಿದೆ. ಸ್ವಲ್ಪ ಹೊತ್ತಿಗೆ ಕಾಗದ ಬಂತು. ತಂದಾಕಿ ಅಕ್ಕ, ಓದಿದಾಕೀನೂ ಅಕ್ಕ.

"ಸಂಸ್ಥಾನದವರ ಸನ್ನಿಧಾನಕ್ಕೆ ಸರಕಾರದ ವಿನಂತಿ. ನಮ್ಮ ಹದ್ದಿನೊಳಗೆ ಮೊಸರಿನ ಗಡಿಗೆಯನ್ನು ನಾಶಪಡಿಸಿ ತಮ್ಮ ಹದ್ದಿನೊಳಗೆ ತಲೆಮರೆಸಿಕೊಂಡಿರುವ ನೀಲವ್ವ ಎಂಬಾಕೆಯನ್ನು ಕೂಡಲೇ ಒಪ್ಪಿಸತಕ್ಕದ್ದು."

ಆಯಿ ಎಲಿಗೆ ಸುಣ್ಣಾ ಸವರಕೊಂತ ಪೂರಾ ಕೇಳಿದ್ಲು. ಆಮ್ಯಾಲೆ ಅಪ್ಪಗ ಕೇಳೂವಂಗ ನಡುಮನಿ ಕಡೆ ಮಾರಿ ತಿರುವಿ ಹೇಳಿದ್ಲು:

"ಒಪ್ಪಸ್ತೇನಿ. ಆದ್ರ ಕರಾರು ಅದಾವು. ಬಡಿಯಂಗಿಲ್ಲ. ಬೈಬಹುದು. ಬೈದ ಮ್ಯಾಲೆ ಉಣ್ಣಾಕ ಹಾಕಬೇಕು."

ಈ ಮೂರು ಕರಾರು ಎಂದೂ ಬದಲಾಗಲಿಲ್ಲ. ಅಪ್ಪ ಬೈತಿದ್ದ, ಅವ್ವ ಬಿಸಿ ರೊಟ್ಟಿ ಮ್ಯಾಲೆ ಶೇಂಗಾ ಹಿಂಡಿ ಹಾಕಿ ಮುಂದ ಇಡತಿದ್ಲು, ಅಳಕೊಂತ ಉಣ್ಣತಿದ್ದೆ. ಆ ರೊಟ್ಟಿ ರುಚಿ ಇವತ್ತಿಗೂ ನಾಲಿಗಿ ಮ್ಯಾಲೆ ಐತಿ. ಬೈಸಿಕೊಂಡು ಉಂಡ ಊಟದಷ್ಟು ಹೊಟ್ಟಿ ತುಂಬೂದು ಮತ್ತೊಂದಿಲ್ಲ, ನನಗಂತೂ ಸಿಕ್ಕಿಲ್ಲ. ಅವ್ವನೂ ಒಮ್ಮೊಮ್ಮೆ ಗಡಿ ದಾಟತಿದ್ಲು. ಅಪ್ಪನ ಜೋಡಿ ಜಗಳಾತಂದ್ರ ಹಂಚು, ಹಿಟ್ಟಿನ ಡಬ್ಬಿ, ಪುಂಡಿಪಲ್ಲೆ ಗಡಿಗಿ ಎತಗೊಂಡು ಆಯೀ ಕಡೆ ಮೂರು ಕಲ್ಲು ಹೂಡಿ ಒಲಿ ಹಚ್ಚೂದು. ನಾವು ಹೆಣ್ಣುಮಕ್ಕಳೂ ಆಕೀ ಬೆನ್ನು ಹತ್ತೂದು. ಒಂದ ಸಲ ಅಪ್ಪ ಒಂದೂವರಿ ದಿನ ಹಟಾ ಹಿಡದು ಕಡೀಕ ಬರದ ಕಾಗದ ನಮ್ಮ ಮನ್ಯಾಗ ಭಾಳ ವರ್ಷ ಬಾಯಿಪಾಠ ಇತ್ತು: 'ಸರಕಾರವು ನಿನ್ನೆಯಿಂದ ಉಪವಾಸವಿದೆ. ಆರೋಪಿಯನ್ನು ರೊಟ್ಟಿ ಸಮೇತ ಒಪ್ಪಿಸಬೇಕಾಗಿ ವಿನಂತಿ.' ಅವ್ವ ಸೆರಗ ಬಾಯಿಗೆ ಒತ್ತಿಕೊಂಡು ನಕ್ಕಿದ್ದು ನನ್ನ ಕಣ್ಣಾಗ ಕಟ್ಟಿಧಂಗ ಐತಿ.

ಉಣ್ಣಾಕ ಹಾಕೂದು ಎಲ್ಲಿಂದ ಬಂತು ಅನ್ನಾಕ ಆಯಿ ಒಂದು ಕತಿ ಹೇಳತಿದ್ಲು. ನಾಕಾ ಇದ್ದ ಕಾಲದಾಗ ಸವಣೂರ ಕಡೆಯಿಂದ ಒಬ್ಬ ಎಲಿತ್ವಾಟದಾಂವ ಎಲಿ ಹೊರಿ ತಂದನಂತ. ಸರಕಾರದ ಕಡೆ ಸಿಪಾಯಿ ಅವನ್ನ ಎರಡು ದಿನ ಬಿಸಲಾಗ ಕುಂದರಿಸಿದ. ಎಲ್ಲಾ ಎಲಿ ಬಾಡಿದ್ವು. ಮೂರನೇ ದಿನ 'ಹೋಗಲೇ, ಸುಂಕಾ ಕಟ್ಟಿ ಒಯ್ಯಿ' ಅಂದ್ರ ಇವನ ತಲಿ ಕೆಟ್ಟು, ಬಾಡಿದ ಎಲಿ ಹೊರಿ ಎತ್ತಿ ಸಿಪಾಯಿ ಮಾರಿಗೆ ಬಡದ. ಮತ್ತ ಓಡಿದ. ನಡುಮನ್ಯಾಗ ಬರೂದ್ರಾಗ ಮುಗ್ಗರಿಸಿ ಕಲ್ಲಿನ ಮ್ಯಾಲೆ ಅಡ್ಡ ಬಿದ್ದ. ಕಾಲು ಸರಕಾರದಾಗ, ತಲಿ ಸಂಸ್ಥಾನದಾಗ. ಸಿಪಾಯಿ ಕಾಲು ಹಿಡದು ಎಳಿಯಾಕ ಹತ್ತಿದ. ಅವಾಗ ನಮ್ಮ ಮನೀ ಹಿರೇಹೆಣಮಗಳು, ಒಲಿ ಮುಂದಿಂದ ಎದ್ದು ಬಂದು, ಕೈಯಾಗಿದ್ದ ರೊಟ್ಟಿ ಮುರದು ಅವನ ಬಾಯಾಗ ಇಟ್ಟಳಂತ.

"ಉಂಡ. ಉಂಡಾಂವ ನಮ್ಮಾಂವ. ಇನ್ನ ಕಾಗದ ಬರೀರಿ" ಅಂದಳಂತ ಆಕಿ.

ಕಾಗದ ಸವಣೂರಿಗೆ ಹೋಗಿ ಬರೂದ್ರಾಗ ಒಂದು ತಿಂಗಳಾತು. ಅಲ್ಲೀತನಕಾ ಅಂವ ನಮ್ಮ ಮನ್ಯಾಗ ಉಂಡ, ಹಿತ್ತಲದಾಗ ಎಲಿಬಳ್ಳಿ ಹಚ್ಚಿದ. ಈಗ ಇರೂ ಎಲಿತ್ವಾಟ ಅವನ ಕೈದು. ಮುಂದೇನಾತು ಅನ್ನೂದ್ರಾಗ ಮಾತ್ರ ನಮ್ಮ ಮನ್ಯಾಗ ಎರಡು ಪಕ್ಷ. ಒಪ್ಪಿಸಿದ್ರು ಅಂತ ಅಪ್ಪ. ಇಲ್ಲ, ಮುಂಜಾನೆದ್ದು ಹೊಳಿ ದಾಟಿ ಹಿರೇಕೆರೂರ ಮ್ಯಾಲಿಂದ ಮೈಸೂರ ಸೀಮಿಗೆ ಹೋದ, ಅಲ್ಲೆ ಲಗ್ನಾಗಿ ಮಕ್ಕಳು ಮರಿ ಆದ್ವು ಅಂತ ಆಯಿ. ಈ ಮಾತಿಗೆ ತಾಯಿ ಮಗ ವರ್ಷಕ್ಕೊಮ್ಮೆರ ಜಗಳಾ ತಗೀತಿದ್ರು. ನಾ ಯಾವಾಗ್ಲೂ ಆಯಿ ಪಕ್ಷ. ಓಡಿ ಹೋದಾಂವ ಸುಖದಿಂದ ಇದ್ದ ಅಂತನ ನನಗ ಕೇಳಬೇಕಿತ್ತು.

ನನಗ ಹತ್ತು ವರ್ಷ ತುಂಬೂದ್ರಾಗ ಕಾಗದ ಓದೋ ಕೆಲಸ ನನಗ ಬಂತು. ಅಕ್ಕ ಕಾಲೇಜಿಗೆ ಹೋಗಾಕ ಹತ್ತಿದ್ಲು, ಆಕಿಗೆ ಪುರಸತ್ತಿರಲಿಲ್ಲ. ಆಯಿ ನನ್ನ ಗಲ್ಲ ಹಿಂಡಿ, "ಇವತ್ತಿಂದ ನೀನ ನನ್ನ ದಿವಾನ" ಅಂದ್ಲು. ಎಷ್ಟು ಹಿಗ್ಗಿದೆ ಅಂತೀರಿ. ಲಂಗದ ಮ್ಯಾಲೆ ಅಪ್ಪನ ಹಳೇ ಶಲ್ಯಾ ಹೊದ್ದು, ಕಲ್ಲಿನ ಮ್ಯಾಲೆ ನಿಂತು, ಗಂಟಲಾ ಸರಿಮಾಡಕೊಂಡು ಓದತಿದ್ದೆ. 'ಸನ್ನಿಧಾನಕ್ಕೆ' ಅಂತ ಸುರು ಆಗಿ 'ಒಪ್ಪಿಸತಕ್ಕದ್ದು' ಅಂತ ಮುಗಿಯೂತನಕಾ ಹಾಳಿ ನೋಡದ ಹೇಳೂವಷ್ಟು ಬಾಯಿಪಾಠ ಆಗಿತ್ತು. ಅಪ್ಪನ ಕಾಗದದಾಗ ಅಪರಾಧ ಒಂದ ಬ್ಯಾರೆ ಇರತಿತ್ತು, ಉಳದದ್ದೆಲ್ಲಾ ಅದ. ನನ್ನ ಹಾಳಾದ ಶಾಣ್ಯಾತನಕ್ಕ ಅದ ಮೂಲ ಆತು.

ಅದ ವರ್ಷ ಅಕ್ಕಗ ಹಾನಗಲ್ಲ ಕಡೆಯಿಂದ ಒಂದು ಸಂಬಂಧ ಬಂತು. ಮನಿತನ ಛಲೋ, ಹುಡುಗನೂ ಛಲೋ, ಯಾರೂ ಕೆಟ್ಟವರಲ್ಲ. ಅಕ್ಕಗ ಬ್ಯಾಡಾಗಿತ್ತು ಅಷ್ಟ. ಸವಣೂರಾಗ ಪೀಯೂಸಿ ಮುಗಿಸಿದ್ಲು, ಧಾರವಾಡಕ್ಕ ಹೋಗಿ ಬೀಎಸ್ಸಿ ಮಾಡಬೇಕು ಅನ್ನೂದು ಆಕೀ ತಲ್ಯಾಗ ಹೊಕ್ಕಿತ್ತು. ಅಪ್ಪ ಮಾತಾಡೂ ಮನಶ್ಯಾ ಅಲ್ಲ ಅಂತ ಹೇಳಿದ್ನೆಲಾ, ಒಂದ ಮಾತಿನ್ಯಾಗ 'ಶುಕ್ರವಾರ ಎಲಿಅಡಿಕಿ ಹಿಡಿಯಾಕ ಬರ್ತಾರ' ಅಂದ. ಅಕ್ಕ ಉಣ್ಣೂ ಗಂಗಾಳ ಬಿಟ್ಟು ಎದ್ಲು. ಸಾವಕಾಶ ನಡದು, ಕಲ್ಲು ದಾಟಿ, ಆಯೀ ಕೋಲಿ ಹೊಸ್ತಿಲದ ಮ್ಯಾಲೆ ಕುಂತ್ಲು. ಹದಿನೆಂಟು ವರ್ಷದ ಹುಡುಗಿ, ಮೊಸರ ಗಡಿಗಿ ಒಡದು ಓಡಿ ಬಂದಂಗ ಅಲ್ಲ ಅದು. ಅಪ್ಪನ ಮಾರಿ ಕಪ್ಪಿಟ್ಟಿತು. ನಾಕು ದಿನ ಕಾಗದ ಬರೀಲಿಲ್ಲ.

ಆ ದಿನಗಳಷ್ಟು ಸುಖ ನಾ ಮತ್ತ ಕಂಡಿಲ್ಲ, ಖರೇ ಹೇಳ್ತೇನಿ. ಅಕ್ಕ ಪೂರಾ ನನ್ನಾಕಿ ಆಗಿದ್ಲು. ಮುಂಜಾನೆ ಎದ್ದು ಇಬ್ಬರೂ ಹೊಳಿ ಬಾಗಲದಿಂದ ಹೊಳಿಗೆ ಹೋಗೂದು, ಮೊಣಕಾಲಮಟಾ ನೀರಾಗ ನಿಂತು ಬಟ್ಟಿ ಒಗಿಯೂದು, ಹಸಿ ಮೈಯಾಗ ಎಲಿತ್ವಾಟದ ನೆಳ್ಳಾಗ ಕುಂದ್ರೂದು. ಅಕ್ಕ ನನ್ನ ತಲಿ ಹಿಕ್ಕಿ ಎರಡು ಜಡಿ ಹಾಕತಿದ್ಲು. ಅವ್ವ ಕಲ್ಲಿನ ಆಚೆ ನಿಂತು ಗಂಗಾಳ ದಾಟಸತಿದ್ಲು, ಅಪ್ಪ ನೋಡಿಯೂ ನೋಡಧಂಗ ಪಡಸಾಲ್ಯಾಗ ಕುಂದರತಿದ್ದ. ಜಡಿ ಹಾಕಕೊಂತ ಅಕ್ಕ ಧಾರವಾಡದ ಕಾಲೇಜಿನ ಸುದ್ದಿ ಹೇಳತಿದ್ಲು. ಅಲ್ಲೆ ಗಾಜಿನ ನಳಿಗಿ ಅದಾವಂತ, ನೀರಿಗೆ ನೀರು ಕೂಡಿಸಿದ್ರ ಬಣ್ಣಾ ಬದಲಾಕ್ಕೈತಂತ, ಹುಡಿಗ್ಯಾರ ಹಾಸ್ಟೆಲ್ಲಿನ್ಯಾಗ ಒಂದ ಕೋಲ್ಯಾಗ ಮೂರು ಮಂದಿ ಇರಬೇಕಂತ. ಆ ಮೂರು ಮಂದ್ಯಾಗ ನಾ ಇಲ್ಲ ಅನ್ನೂದ ಒಂದ ನನಗ ಕೇಳತಿತ್ತು. ಹಾನಗಲ್ಲಿನ ಹುಡುಗನಕಿಂತ ಆ ಗಾಜಿನ ನಳಿಗಿ ಮ್ಯಾಲೆ ನನಗ ಸಿಟ್ಟು ಹೆಚ್ಚಿತ್ತು.

ಐದನೇ ದಿನ ಇಳಿಹೊತ್ತಿನ್ಯಾಗ ಅಪ್ಪ ಸವಣೂರಿಂದ ಬಂದ. ಕಟ್ಟಿ ಮ್ಯಾಲೆ ಖಾರಾದ ಪುಡಿಕಿ ಇಟ್ಟ. ಅಂಗಿ ಕಿಸೆದಾಗಿಂದ ನಾಕ ಮಡಿಕಿ ಮಾಡಿದ ಹಾಳಿ ತಗದು ನನ್ನ ಕೈಯಾಗ ಕೊಟ್ಟ.

"ಗಿರಿಜಾನ ಮುಂದ ಓದು. ಪೂರಾ ಓದು" ಅಂದ. ಮಾರಿ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಬಸವಣ್ಣನ ಗುಡಿ ಕಡೆ ನಡದಬಿಟ್ಟ. ತನ್ನ ಕಾಗದ ಓದೂದನ್ನ ಕೇಳಾಕ ನಾಚಿಕಿ ಆಗಿತ್ತು ಅಂತ ಈಗ ತಿಳೀತೈತಿ.

ಕಲ್ಲಿನ ಮ್ಯಾಲೆ ನಿಂತು ಹಾಳಿ ಬಿಚ್ಚಿದೆ. ಸನ್ನಿಧಾನ ಇಲ್ಲ, ವಿನಂತಿ ಇಲ್ಲ, ತಕ್ಕದ್ದು ಇಲ್ಲ. ಅಪ್ಪ ಬಾಯಿಲೆ ಎಂದೂ ಆಡದ ಮಾತು ಆಡಿಧಂಗ ಬರದಿದ್ದ: 'ಗಿರಿಜಾ, ನೀ ಗೆದ್ದಿ. ಹಾನಗಲ್ಲಿನವರಿಗೆ ಬ್ಯಾಡ ಅಂತ ಹೇಳಿ ಕಳಿಸೇನಿ. ಧಾರವಾಡದ ಕಾಲೇಜಿಂದು ಫಾರ್ಮು ತರಿಸೇನಿ. ಸೋಮವಾರ ನಾನ ಬಿಟ್ಟು ಬರ್ತೇನಿ. ಈ ಕಡೆ ಬಾ ಮಗಳ. ನೀ ಇಲ್ಲದ ರೊಟ್ಟಿ ಗಂಟಲದಾಗ ಇಳೀವಲ್ದು.'

ಸೋಮವಾರ ಅನ್ನೂದ ನನ್ನ ಕಣ್ಣಿಗೆ ಬಡೀತು. ನಡುವ ಮೂರ ದಿನ. ಆಯಿ ಕೋಲ್ಯಾಗಿಂದ "ಓದ ದಿವಾನಾ, ಏನ ಅಂತೈತಿ ಸರಕಾರ?" ಅಂದ್ಲು. ಅಕ್ಕ ಗ್ವಾಡಿಗೆ ಒರಗಿ ಕುಂತಿದ್ಲು, ಕಣ್ಣು ನನ್ನ ಮ್ಯಾಲೆ ಇದ್ವು. ನಾ ಗಂಟಲಾ ಸರಿಮಾಡಕೊಂಡೆ.

"ಸಂಸ್ಥಾನದವರ ಸನ್ನಿಧಾನಕ್ಕೆ ಸರಕಾರದ ವಿನಂತಿ. ನಮ್ಮ ಹದ್ದಿನೊಳಗೆ ಹಿರಿಯರ ಮಾತನ್ನು ಮೀರಿ ತಮ್ಮ ಹದ್ದಿನೊಳಗೆ ತಲೆಮರೆಸಿಕೊಂಡಿರುವ ಗಿರಿಜಾ ಎಂಬಾಕೆಯನ್ನು ಕೂಡಲೇ ಒಪ್ಪಿಸತಕ್ಕದ್ದು. ನಾಳೆ ಶುಕ್ರವಾರ ಹಾನಗಲ್ಲಿನವರು ಬರುತ್ತಾರೆ."

ನನ್ನ ಹಂಚಿಕಿ ಸಣ್ಣದು. ಆಯಿ 'ಒಪ್ಪಸಂಗಿಲ್ಲ' ಅಂತಾಳ, ಅಕ್ಕ ಇನ್ನ ಒಂದಷ್ಟು ದಿನ ನನ್ನ ಮಗ್ಗಲದಾಗ ಇರ್ತಾಳ, ಸೋಮವಾರ ಹಂಗ ದಾಟಿ ಹೊಕ್ಕೈತಿ, ಆಮ್ಯಾಲೆ ಕಾಗದ ಸಿಕ್ಕಿತು ಅಂತ ಕೊಟ್ರಾತು. ಹತ್ತು ವರ್ಷದ ತಲ್ಯಾಗ ಇಷ್ಟ ಹೊಳದಿತ್ತು. ಆಯಿ ಎಲಿ ಅಗಿಯೂದು ನಿಲ್ಲಿಸಿ ನನ್ನ ಕೈಯಾಗಿನ ಹಾಳಿ ನೋಡಿದ್ಲು.

"ಇಷ್ಟ ಸಣ್ಣ ಮಾತಿಗೆ ಇಷ್ಟ ದೊಡ್ಡ ಹಾಳಿ ಯಾಕ ಬೇಕಾತ ನಿಮ್ಮಪ್ಪಗ?"

"ಅಕ್ಷರಾ ದೊಡ್ಡವು ಬರದಾನ" ಅಂದೆ. ಹಾಳಿ ಮಡಚಿ ನನ್ನ ಕನ್ನಡ ಪುಸ್ತಕದ ರಟ್ಟಿನ ಹೊದಿಕಿ ಒಳಗ ಸೇರಿಸಿದೆ. ಆಯಿ ಒಪ್ಪಸಂಗಿಲ್ಲ ಅಂದ್ಲು, ನಾ ಎಣಿಸಿಧಂಗ. ಅಕ್ಕ ಮಾತ್ರ ನನ್ನನ್ನ ಮುಂದ ಕುಂದರಿಸಿಕೊಂಡ್ಲು. ನನ್ನ ಜಡಿ ಬಿಚ್ಚಿ ಮತ್ತೊಮ್ಮೆ ಹಾಕಿದ್ಲು.

ಮರುದಿನ ಮುಂಜಾನೆ ಹೊಳಿಗೆ ಹೋದಾಗ ಅಕ್ಕನ ಬಗಲಾಗ ಬಟ್ಟಿ ಗಂಟು ಇತ್ತು. ಒಗಿಯೂ ಬಟ್ಟಿ ಅಂತ ತಿಳದಿದ್ದೆ. ನೀರಿನ ಅಂಚಿಗೆ ನಿಂತು ಸೀರಿ ಎತ್ತಿ ಕಚ್ಚಿ ಹಾಕಿದ್ಲು.

"ನೀಲಾ, ನಾ ಹಿರೇಕೆರೂರಿಗೆ ಚಿಗವ್ವನ ಮನಿಗೆ ಹೊಂಟೇನಿ. ಅಪ್ಪ ಕೇಳಿದ್ರ ಹೇಳು, ಹೊಳಿ ದಾಟಿದ್ಲು ಅಂತ. ನೀ ಅಳಬ್ಯಾಡ."

ಅವಾಗ ಹೇಳಬಹುದಿತ್ತು. ಇಷ್ಟ ಇಷ್ಟ ಮಾತು: ಅಕ್ಕಾ, ಸುಳ್ಳ ಓದಿದೆ. ಹೇಳಿದ್ರ ಬೈತಾಳ ಅಂತ ಅಂಜಿದೆ. ಬೈದ್ರ ಏನಾಕ್ಕಿತ್ತು ನನಗ? ಬೈಸಿಕೊಂಡು ಉಣ್ಣಾಕ ಎಂದೂ ಅಂಜಲಾರದಾಕಿ, ಆ ಒಂದ ದಿನ ಅಂಜಿದೆ. ಅಕ್ಕ ನೀರಾಗ ನಡಕೊಂತ ಹೋದ್ಲು. ನಡು ಹೊಳ್ಯಾಗ ಒಮ್ಮೆ ನಿಂತು ಹಿಂದ ತಿರುಗಿ ನೋಡಿ, ಕೈ ಮಾಡಿದ್ಲು. ನಾನೂ ಕೈ ಮಾಡಿದೆ. ಆಚೆ ದಂಡಿ ಮ್ಯಾಲೆ ಡಾಂಬರ ರಸ್ತೆ, ರಸ್ತೆದಾಗ ಬಸ್ಸು.

ಸುದ್ದಿ ಕೇಳಿ ಅಪ್ಪ ನಡುಮನ್ಯಾಗ ಕಲ್ಲಿನ ಅಂಚಿಗೆ ಬಂದು ನಿಂತ.

"ನಾ ಹಂಗ ಬರದ ಮ್ಯಾಲೂ ಹೋದ್ಲಾ?" ಅಂದ. ನನ್ನನ್ನ ಕೇಳಿದ್ನೋ, ಕಲ್ಲನ್ನ ಕೇಳಿದ್ನೋ. "ಓದಿದಿ ಅಲ್ಲ ನೀನು? ಪೂರಾ?"

"ಓದಿದೆ" ಅಂದೆ.

ಅಂವ ಮತ್ತ ಆ ಮನ್ಯಾಗ ಕಾಗದ ಬರೀಲಿಲ್ಲ. ನಾ ಎರಡು ಮೂರು ಸಲ ಬೇಕಂತನ ತಪ್ಪು ಮಾಡಿ ಆಯೀ ಕಡೆ ಓಡಿ ಕುಂತೆ. ಯಾರೂ ಬೈಲಿಲ್ಲ, ಯಾರೂ ಕೇಳಲಿಲ್ಲ. ಹೊತ್ತು ಮುಳುಗೂದ್ರಾಗ ನಾನ ಎದ್ದು ಬಂದು ಉಂಡೆ. ಕರಾರು ಇಲ್ಲದ ಊಟಾ.

ಅಕ್ಕ ಧಾರವಾಡ ಕಾಣಲಿಲ್ಲ. ಚಿಗವ್ವನ ಮನ್ಯಾಗ ಇದ್ದು ಟೀಸೀಎಚ್ಚು ಮಾಡಿ ಕನ್ನಡ ಶಾಲಿ ಟೀಚರ ಆದ್ಲು. ಜೋಡಿ ಕೆಲಸ ಮಾಡೂ ಮಾಸ್ತರನ್ನ ಮದಿವಿ ಆಗಿ ರಟ್ಟೀಹಳ್ಳ್ಯಾಗ ಮನಿ ಮಾಡಿದ್ಲು. ಆ ಲಗ್ನಕ್ಕ ಅವ್ವ ಹೋದ್ಲು, ಅಪ್ಪ ಹೋಗಲಿಲ್ಲ. ಹಾನಗಲ್ಲಿನ ಸಂಬಂಧ ಮುರದದ್ದು ಆಕಿಗೆ ಗೊತ್ತಾತು, ತಾ ಓಡಿ ಬಂದದ್ದಕ್ಕ ಮುರೀತು ಅಂತ ತಿಳಕೊಂಡ್ಲು. ಅಪ್ಪ ತಾ ಅಷ್ಟು ಸೋತು ಬರದ್ರೂ ಮಗಳು ಕಾಲಾಗ ತುಳದು ಹೋದ್ಲು ಅಂತ ತಿಳಕೊಂಡ. ಇಬ್ಬರೂ ಹಟಮಾರಿಗಳು, ಒಬ್ಬರನ್ನೊಬ್ಬರು ಒಂದ ಮಾತು ಕೇಳಲಿಲ್ಲ. ಆ ಕಾಗದದಾಗ ಏನ ಬರದಿದ್ದ ಅಂತ ಅಪ್ಪ ಅವ್ವಗೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಅಕ್ಕ ಪಂಚಮಿಗೆ ಬರತಿದ್ಲು. ಬಂದ್ರ ಹೊಳಿ ಬಾಗಲದಿಂದನ ಬರೂದು. ಆಯೀ ಕೋಲ್ಯಾಗ ಕುಂದ್ರೂದು, ಕಲ್ಲು ದಾಟೂದಿಲ್ಲ. ಅಪ್ಪ ನಡುಮನ್ಯಾಗ ಈ ಕಡೆ ಕುಂದರತಿದ್ದ. ನಡುವ ನಾನು, ಎರಡೂ ಕೈಯಾಗ ಚಾ.

"ಕೇಳ ಆಕೀನ್ನ, ಆ ಕಡೆ ಮಳಿ ಹೆಂಗಂತ."

"ಹೇಳ ಅವರಿಗೆ, ಛಲೋ ಆಗೇತಿ ಅಂತ."

ಎಷ್ಟು ವರ್ಷ ಈ ದಿವಾನಕಿ ಮಾಡಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮಿಲ್ಲ, ಎಲ್ಲಾ ಮಾತು ಇದ್ದಂಗ ದಾಟಿಸಿದೆ. ಆ ಒಂದು ಮಾತು ಬಿಟ್ಟು. ಗಂಡಮಕ್ಕಳಿಲ್ಲದ ಮನಿ ಅಂತ ನನಗ ಮನಿಅಳಿಯನ್ನ ತಂದ್ರು, ಮನಿ ನನಗ ಉಳೀತು. ದೊಡ್ಡ ಮಗಳಿಗೆ ಹೋಗಬೇಕಾದದ್ದು ಸುಳ್ಳು ಓದಿದಾಕಿಗೆ ಬಂತು. ಆಯಿ ಸಾಯೂಕಿಂತ ಮುಂಚೆ ಒಂದ ದಿನ, ಎಲಿ ಮಡಚಿ ನನ್ನ ಬಾಯಾಗ ಇಡಕೊಂತ, "ಆ ಹಾಳಿ ದೊಡ್ಡದಿತ್ತು, ಅಲ್ಲ ನೀಲಾ?" ಅಂದ್ಲು. ನಾ ಬಾಯಾಗಿನ ಎಲಿ ಅಗಕೊಂತ ಕುಂತೆ. ಆಕಿ ಮತ್ತ ಕೇಳಲಿಲ್ಲ. ಅಪ್ಪ ಹೋದಾಗ ಅಕ್ಕ ಬಂದ್ಲು. ಹೆಣಾ ಊರ ಬಾಗಲದ ಕಡೆ ಕುಂದರಿಸಿದ್ರು. ಆಕಿ ಕಲ್ಲಿನ ಆಚೆ ನಿಂತು ಅಲ್ಲಿಂದನ ನೋಡಿದ್ಲು, ಅಲ್ಲಿಂದನ ಅತ್ಲು. ಅವಾಗರ ನಾ ಬಾಯಿ ಬಿಡಬೇಕಾಗಿತ್ತು. ಸತ್ತ ಮ್ಯಾಲೆ ಹೇಳಿ ಏನ ಉಪಯೋಗ ಅಂತ ನನಗ ನಾನ ಹೇಳಕೊಂಡೆ. ಹೇಡಿಗೆ ನೆವಕ್ಕೇನ ಬರಾ?

ಹ್ವಾದ ವರ್ಷ ನನ್ನ ಮಗ ನಡುಮನಿಗೆ ಟೈಲ್ಸ್ ಹಾಕಸ್ತೇನಿ ಅಂದ. ಶಿಗ್ಗಾಂವದಾಗ ಕಾಳಿನ ಯಾಪಾರ ಮಾಡ್ತಾನ, ಮನಿ ಥಳಥಳ ಇರಬೇಕು ಅವಗ. ಕಲ್ಲು ಕೀಳಬೇಕಾಕ್ಕೈತಿ ಅಂದ. ಅಕ್ಕಗ ಫೋನ ಹಚ್ಚಿದೆ.

"ಕಲ್ಲು ಕೀಳತಾರಂತ, ಅಕ್ಕಾ."

"ಕೀಳೂಕಿಂತ ಮೊದಲ ಒಮ್ಮೆ ನೋಡಿ ಹೋ­ಗ್ತೇನಿ" ಅಂದ್ಲು.

ಎಪ್ಪತ್ತರ ಹತ್ತಿರ ಬಂದಾಕಿ, ಕೋಲು ಊರಕೊಂತ ಬಂದ್ಲು. ಹೊಳಿ ಬಾಗಲದ ಮುಂದ ಟೈಲ್ಸಿನ ಸಲುವಾಗಿ ಉಸುಕು ಒಟ್ಟಿದ್ರು, ಅಲ್ಲೆ ದಾಟಾಕ ಬರಲಾರದ ಊರ ಬಾಗಲದಿಂದ ಬರಬೇಕಾತು. ನಡುಮನಿಗೆ ಬಂದು ಕುರ್ಚಿ ಮ್ಯಾಲೆ ಕುಂತು ಕಲ್ಲು ನೋಡಾಕ ಹತ್ತಿದ್ಲು. ನಾ ಟ್ರಂಕಿನ್ಯಾಗಿಂದ ಆ ಹಳೇ ಪುಸ್ತಕ ತಂದೆ. ಎದುರಿಗೆ ನೆಲದ ಮ್ಯಾಲೆ ಕುಂತೆ. ರಟ್ಟಿನೊಳಗಿಂದ ಹಾಳಿ ತಗದು ಆಕೀ ಕೈಯಾಗ ಇಟ್ಟೆ. ಹಾಳಿ ಮಡಿಕಿಗೆ ಹರದಿತ್ತು. "ಅಪ್ಪ ಅವತ್ತು ಬರದದ್ದು ಇದು. ನಾ ಓದಿದ್ದು ಸುಳ್ಳು. ನೀ ಧಾರವಾಡಕ್ಕ ಹೋಗಿಬಿಡ್ತಿ ಅಂತ ಅಂಜಿ ಹಂಗ ಓದಿದೆ" ಅಂದೆ. ಐವತ್ತು ವರ್ಷ ಹೊತ್ತ ಮಾತು ಆಡಿ ಮುಗಸಾಕ ಒಂದು ಗುಟುಕು ಚಾ ಕುಡಿಯೂವಷ್ಟೂ ಹೊತ್ತು ಹಿಡೀಲಿಲ್ಲ.

ಅಕ್ಕ ಕನ್ನಡಕ ಹಾಕ್ಕೊಂಡು ಓದಿದ್ಲು. ಬಟ್ಟು ಹಚ್ಚಿ, ಒಂದೊಂದ ಸಾಲು, ಸಣ್ಣ ಹುಡುಗರು ಓದೂವಂಗ. 'ಗಂಟಲದಾಗ ಇಳೀವಲ್ದು' ಅನ್ನೂ ಕಡೆ ಬಟ್ಟು ನಿಂತಬಿಡ್ತು. ಬೈತಾಳ ಅಂತ ತಲಿ ಬಗ್ಗಿಸಿ ಕಾದೆ. ಬೈಲಿ ಶಿವನ, ಬಡೀಲಿ ಬೇಕಾದ್ರ ಅಂತ ಕಾದೆ.

"ನೀಲಾ, ನೀ ಎಲ್ಲೆ ಕುಂತಿ ನೋಡು" ಅಂದ್ಲು.

ನೋಡಿದೆ. ಆಕೀ ಕುರ್ಚಿ ಸರಕಾರದ ಕಡೆ. ನಾ ಎಚ್ಚರ ಇಲ್ಲದ ಕಲ್ಲಿನ ಆಚೆ, ಆಯೀ ಕಡೆ ಕುಂತಿದ್ದೆ.

"ಆ ಕಡೆ ಕುಂತವರಿಗೆ ನಾ ಏನೂ ಅನ್ನಾಕ ಬರಂಗಿಲ್ಲ" ಅಂದ್ಲು. ಹಾಳಿ ಮಡಚಿ ತನ್ನ ಚೀಲದಾಗ ಇಟಗೊಂಡ್ಲು. ಚಾ ಕುಡೀಲಿಲ್ಲ. ಕೋಲು ಊರಕೊಂತ ಊರ ಬಾಗಲದಿಂದನ ಹೋದ್ಲು. ನನ್ನ ಮಗ ಗಾಡಿ ತಗದು ಬಸ್ಸಿಗೆ ಬಿಟ್ಟು ಬಂದ.

ಆಮ್ಯಾಲೆ ಆಕೀ ಫೋನ ಬಂದ್ ಆತು. ನಾ ಹಚ್ಚಿದ್ರ ಎತ್ತಂಗಿಲ್ಲ. ಕಲ್ಲು ಕೀಳಾಕ ನಾ ಬಿಡಲಿಲ್ಲ, ಟೈಲ್ಸಿನವ್ರು ಅದರ ಸುತ್ತಲೂ ಕೊರದು ಕುಂದರಿಸಿದ್ರು. ಬ್ಯಾಸಗಿ ಹೋತು, ಮಳಿ ಬಂತು, ಪಂಚಮಿ ಬಂತು. ಈ ಸಲ ಅಕ್ಕ ಬರಲಿಲ್ಲ. ಎರಡೂ ಬಾಗಲಾ ತಗದ ಇಟ್ಟಿದ್ದೆ. ನಾ ಆಯೀ ಕೋಲ್ಯಾಗನ ಉಣ್ಣತೇನಿ, ಅಲ್ಲೆ ಮಲಗತೇನಿ. ಮನ್ಯಾಗಿನವ್ರು ಮುದುಕಿಗೆ ಅರಳು ಮರಳು ಅಂತಾರ. ಅನ್ನಲಿ.

ಹ್ವಾದ ತಿಂಗಳ ಪೋಸ್ಟಿನಾಂವ ಒಂದು ಕಾರ್ಡು ಕೊಟ್ಟು ಹೋದ. ಈಗ ಯಾರು ಕಾರ್ಡು ಬರೀತಾರ? ಅಕ್ಕನ ದುಂಡನ ಅಕ್ಷರ ಅಂತ ಗೊತ್ತಾತು, ಓದಾಕ ಬರಲಿಲ್ಲ. ಆಗ ಆಪರೇಶನ್ ಆಗಿ ಒಂದ ಕಣ್ಣಿಗೆ ಪಟ್ಟಿ ಇತ್ತು, ಇನ್ನೊಂದು ಕಣ್ಣು ಮಂಜ. ಮಗಾ ಸೊಸಿ ಇರಲಿಲ್ಲ. ಮೊಮ್ಮಗಳು ಸಿಂಚು ಹೊಸ ಟೈಲ್ಸಿನ ಮ್ಯಾಲೆ ಕುಂಟಾಟ ಆಡಾಕತ್ತಿದ್ಲು. ಹತ್ತು ವರ್ಷದಾಕಿ. ಕರದು ಕಾರ್ಡು ಕೈಯಾಗ ಕೊಟ್ಟೆ. ಆಕಿ ಮೊದಲ ಒಳಗೊಳಗ ಓದಕೊಂಡ್ಲು. ತುಟಿ ಅಲಗಾಡಿದ್ವು. ತಲಿ ಎತ್ತಿ ನನ್ನ ಮಾರಿ ನೋಡಿದ್ಲು. ಯವ್ವಾ, ಆ ಒಂದ ಗಳಿಗ್ಯಾಗ ಅಕ್ಕ ಹೆಂಗ ಕುಂತಿದ್ಲು ಗ್ವಾಡಿಗೆ ಒರಗಿ, ನನ್ನ ಬಾಯಿ ನೋಡಕೊಂತ, ಅದೆಲ್ಲಾ ನನಗ ತಿಳೀತು.

"ಇದ್ದದ್ದು ಇದ್ದಂಗ ಓದವಾ" ಅಂದೆ. "ಕೆಟ್ಟದಿದ್ರೂ ಓದು."

ಸಿಂಚು ಕಲ್ಲಿನ ಮ್ಯಾಲೆ ನಿಂತು ಓದಿದ್ಲು.

"ಸಂಸ್ಥಾನದವರ ಸನ್ನಿಧಾನಕ್ಕೆ ಗಿರಿಜಾಳ ವಿನಂತಿ. ಐವತ್ತು ವರ್ಷಗಳಿಂದ ತಮ್ಮ ಹದ್ದಿನೊಳಗೆ ತಲೆಮರೆಸಿಕೊಂಡಿರುವ ನೀಲವ್ವ ಎಂಬಾಕೆಯನ್ನು ರಟ್ಟೀಹಳ್ಳಿಗೆ ಒಪ್ಪಿಸತಕ್ಕದ್ದು. ಬಡಿಯಂಗಿಲ್ಲ. ಬೈತೇನಿ, ಭಾಳ ಬೈತೇನಿ. ಬೈದ ಮ್ಯಾಲೆ ಉಣ್ಣಾಕ ಹಾಕ್ತೇನಿ."

"ಮತ್ತೊಮ್ಮೆ ಓದು" ಅಂದೆ.

ಮತ್ತೊಮ್ಮೆ ಓದಿದ್ಲು ಹುಡುಗಿ. ಒಂದಕ್ಷರಾನೂ ಬದಲಾಗಲಿಲ್ಲ.